ಪಿತ್ತನಾಳದ ಕ್ಯಾನ್ಸರ್: ಜೋಡಿ ಕೀಮೊ ಪ್ರಯೋಗಕ್ಕೆ ಸೇರುವ ಮಲೆನಾಡಿನ ಮನೆಯವರಿಗೆ

ಕಣ್ಣು ಹಳದಿ, ಮೂತ್ರ ಕಡು ಚಹಾದ ಬಣ್ಣ, ಮಲ ಬಿಳಿಚು, ಮೈಯೆಲ್ಲ ತುರಿಕೆ. ಇಷ್ಟು ಕಂಡರೆ ನಮ್ಮ ಕಡೆ ಮೊದಲು ನೆನಪಾಗುವುದು ಕಾಮಾಲೆಗೆ ಕೊಡುವ ನಾಟಿ ಔಷಧಿ. ವೈರಸ್‌ನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಿಗೆ ಬರುತ್ತದೆ. ಗಡ್ಡೆ ಪಿತ್ತನಾಳ ಮುಚ್ಚಿದ್ದರೆ ಯಾವ ರಸ ಕುಡಿದರೂ ಪಿತ್ತ ಹರಿಯುವುದಿಲ್ಲ. ಮೊದಲು ಇಆರ್‌ಸಿಪಿ (ಬಾಯಿಯ ಮೂಲಕ ಎಂಡೊಸ್ಕೋಪ್ ಇಳಿಸಿ ಪಿತ್ತನಾಳ ತಲುಪುವ ವಿಧಾನ) ಮಾಡಿ, ನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಪುಟ್ಟ ಕೊಳವೆ ಹಾಕಬೇಕು, ಇಲ್ಲವೇ ಚರ್ಮದ ಮೂಲಕ ಕೊಳವೆ ಇಟ್ಟು ಪಿತ್ತ ಹೊರಬಿಡಬೇಕು. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಬಣ್ಣದ ವಸ್ತು) ಇಳಿಯದೆ ಪ್ರಯೋಗಕ್ಕೆ ಸೇರಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಅದು ಸಹಜ ಮಿತಿಯ ಒಂದೂವರೆ ಪಟ್ಟಿನೊಳಗೆ ಬರಬೇಕು, ಪ್ಲೇಟ್‌ಲೆಟ್ 1 ಲಕ್ಷ ದಾಟಿರಬೇಕು, ಮೂತ್ರಪಿಂಡ ಚೆನ್ನಾಗಿರಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು, ಹೊಸ ಔಷಧಿಯನ್ನು ಯಾವುದರ ಜೊತೆ ಹೋಲಿಸುತ್ತಾರೆ ಎಂದು ಕೇಳಿ. ಬ್ರಿಟನ್ನಿನಲ್ಲಿ 410 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಎಬಿಸಿ–02 ಪ್ರಯೋಗದಲ್ಲಿ ಜೆಮ್‌ಸಿಟಬಿನ್ ಎಂಬ ಕೀಮೊ ಔಷಧಿ ಒಂದನ್ನೇ ಪಡೆದವರ ಬದುಕಿನ ಮಧ್ಯಾಂಕ 8.1 ತಿಂಗಳು, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು. ಅದರ ಜೊತೆ ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೊ ಔಷಧಿ ಸೇರಿಸಿದಾಗ 11.7 ತಿಂಗಳು. ಅಂದಿನಿಂದ ಈ ಜೋಡಿಯೇ ಮೊದಲ ಚಿಕಿತ್ಸೆ. ಈಚೆಗೆ ಇದಕ್ಕೆ ಡುರ್ವಾಲುಮ್ಯಾಬ್ ಅಥವಾ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಇಂಜೆಕ್ಷನ್ ಕೂಡ ಸೇರಿದೆ. ಆದ್ದರಿಂದ ಓಡಾಡುವ ಶಕ್ತಿಯಿರುವ ರೋಗಿಗೆ ಹೋಲಿಕೆಯ ಗುಂಪಿನಲ್ಲಿ ಜೆಮ್‌ಸಿಟಬಿನ್ ಒಂದನ್ನೇ ಕೊಡುತ್ತೇವೆ ಎಂದರೆ ಕಾರಣ ಕೇಳಲೇಬೇಕು. ಯಾವ ಗುಂಪು ಎನ್ನುವುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ನಿರ್ಧರಿಸುತ್ತದೆ. ಡಾಕ್ಟರ ಪರಿಚಯ, ಶಿಫಾರಸು ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

ಪತ್ರ ಕನ್ನಡದಲ್ಲಿರಲಿ. ಮನೆಗೆ ತಂದು ನಿಧಾನವಾಗಿ ಓದಿ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ–ಇಂಡಿಯಾದ ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಫೋನ್ ನಂಬರ್, ಸ್ಕ್ಯಾನ್ ಮತ್ತು ಪ್ರಯಾಣದ ಖರ್ಚು ಯಾರದು ಎಂಬುದು, ಪ್ರಯೋಗದಿಂದ ಹಾನಿಯಾದರೆ ಔಷಧಿ ಪ್ರಯೋಗಗಳ 2019ರ ನಿಯಮಗಳಂತೆ ಚಿಕಿತ್ಸೆ ಮತ್ತು ಪರಿಹಾರ, ಇಷ್ಟೂ ಅದರಲ್ಲಿ ಕಾಣಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗೆ ಇದೆ.

ಜೋಡಿ ಕೀಮೊದ ಒಂದು ಸುತ್ತು 21 ದಿನ. 1ನೇ ದಿನ ಮತ್ತು 8ನೇ ದಿನ ಔಷಧಿ, ಆಮೇಲೆ ಬಿಡುವು. ಒಟ್ಟು 8 ಸುತ್ತುಗಳವರೆಗೆ. ಪ್ರಮಾಣ ದೇಹದ ಮೇಲ್ಮೈ ಲೆಕ್ಕದಲ್ಲಿ: ಪ್ರತಿ ಚದರ ಮೀಟರಿಗೆ ಸಿಸ್‌ಪ್ಲಾಟಿನ್ 25 ಮಿಲಿಗ್ರಾಂ, ಜೆಮ್‌ಸಿಟಬಿನ್ 1000 ಮಿಲಿಗ್ರಾಂ. 160 ಸೆಂಟಿಮೀಟರ್ ಎತ್ತರ, 50 ಕೆಜಿ ತೂಕದವರಿಗೆ ಮೇಲ್ಮೈ ಸುಮಾರು 1.49 ಚದರ ಮೀಟರ್, ಅಂದರೆ ಸಿಸ್‌ಪ್ಲಾಟಿನ್ 37 ಮಿಲಿಗ್ರಾಂ, ಜೆಮ್‌ಸಿಟಬಿನ್ 1490 ಮಿಲಿಗ್ರಾಂ ಆಸುಪಾಸು. ಈ ಕಾಯಿಲೆಯಲ್ಲಿ ತೂಕ ಬೇಗ ಇಳಿಯುತ್ತದೆ, ಹಾಗಾಗಿ ಪ್ರತಿ ಸುತ್ತಿಗೂ ತೂಗಿಸಿ.

ಸಿಸ್‌ಪ್ಲಾಟಿನ್ ಮೂತ್ರಪಿಂಡವನ್ನು ಕೆಡಿಸಬಲ್ಲದು. ಅದಕ್ಕೇ ಲೀಟರುಗಟ್ಟಲೆ ಸಲೈನ್, ಅದರಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ. ಬಸ್ಸಿಗೆ ತಡವಾಗುತ್ತದೆಂದು ಸಲೈನ್ ಅರ್ಧಕ್ಕೆ ನಿಲ್ಲಿಸಿ ಎನ್ನಬೇಡಿ. ಜೆಮ್‌ಸಿಟಬಿನ್ನಿನ ಮಾತು ಬೇರೆ: ಅದು ಸುಮಾರು 30 ನಿಮಿಷದಲ್ಲಿ ಹೋಗಬೇಕು, ಒಂದು ಗಂಟೆ ಮೀರಿ ಎಳೆದರೆ ವಿಷಗುಣ ಹೆಚ್ಚುತ್ತದೆ. ಕೈ ಉರಿದರೆ ನರ್ಸ್‌ಗೆ ಹೇಳಿ, ಡ್ರಿಪ್‌ನ ಗಾಲಿಯನ್ನು ನೀವೇ ತಿರುಗಿಸಬೇಡಿ.

ರಕ್ತಪರೀಕ್ಷೆಯನ್ನು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದಲ್ಲೇ ಹಿಂದಿನ ದಿನ ಮಾಡಿಸಿ ವರದಿ ಕಳಿಸಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಪ್ರಯೋಗದ ಲ್ಯಾಬ್‌ನಲ್ಲೇ ಆಗಬೇಕೆಂದರೂ, ಬಿಳಿರಕ್ತಕಣ ಕಡಿಮೆ, ಕೀಮೊ ಕೊಡಲಾಗದು ಎಂಬುದು ಹೊರಡುವ ಮೊದಲೇ ಗೊತ್ತಾದರೆ ಬೆಂಗಳೂರಿನವರೆಗೆ 300 ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಮರಳುವುದು ತಪ್ಪುತ್ತದೆ. ಮಣಿಪಾಲಕ್ಕೆ ಹೋಗುವವರು ಮಳೆಗಾಲದಲ್ಲಿ ಹಿಂದಿನ ದಿನವೇ ಆಗುಂಬೆ ಘಾಟಿ ಇಳಿಯುವುದು ಒಳ್ಳೆಯದು. 8ನೇ ದಿನ ತಪ್ಪಿದರೆ ಆ ಡೋಸ್ ಕೊಡುತ್ತಾರೋ ಬಿಡುತ್ತಾರೋ ಎಂಬುದು ಪ್ರೋಟೊಕಾಲ್‌ನಲ್ಲಿ (ಪ್ರಯೋಗದ ಲಿಖಿತ ನಿಯಮಾವಳಿ) ಇರುತ್ತದೆ, ಮೊದಲೇ ತಿಳಿದುಕೊಳ್ಳಿ.

ಎಲ್ಲಕ್ಕಿಂತ ಅಪಾಯದ್ದು ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಮುಟ್ಟಿತೆಂದರೆ ಬೆಳಗಾಗುವವರೆಗೆ ಕಾಯದೆ ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಗೆ ಹೊರಡಿ. ಅಳೆಯದೆ ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಜೆಮ್‌ಸಿಟಬಿನ್ ಕೊಟ್ಟ ಒಂದೆರಡು ದಿನ ಬರುವ ಜ್ವರ ಬರೀ ಔಷಧಿಯದ್ದೂ ಆಗಿರಬಹುದು. ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಬಿಳಿರಕ್ತಕಣ ಕುಸಿದು ಸೋಂಕಾಗಿರಬಹುದು. ಚಳಿ ನಡುಕದೊಂದಿಗೆ ಕಣ್ಣು ಮತ್ತೆ ಹಳದಿಯಾದರೆ ಸ್ಟೆಂಟ್ ಕಟ್ಟಿಕೊಂಡಿರುವ ಸಂಭವವೇ ಹೆಚ್ಚು. ಪ್ಲಾಸ್ಟಿಕ್ ಸ್ಟೆಂಟ್ ಮೂರು ತಿಂಗಳ ಸುಮಾರಿಗೆ ಕಟ್ಟಿಕೊಳ್ಳುತ್ತದೆ. ಹಾಕಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಮಲೆನಾಡಿನಲ್ಲಿ ಜ್ವರಕ್ಕೆ ಇನ್ನೊಂದು ಕಾರಣವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕೂಡ ಬಿಳಿರಕ್ತಕಣ ಮತ್ತು ಪ್ಲೇಟ್‌ಲೆಟ್ ಇಳಿಸುತ್ತದೆ, ಥೇಟ್ ಕೀಮೊದ ಹಾಗೆ. ಡಿಸೆಂಬರಿನಿಂದ ಮೇ ತನಕ ಜ್ವರ ಬಂದರೆ ಕಾಡಿನ ಸಂಪರ್ಕವಿತ್ತೇ ಎಂಬುದನ್ನು ದೂರದ ಊರಿನ ಡಾಕ್ಟರಿಗೆ ನೀವೇ ಹೇಳಬೇಕು, ಅವರಿಗೆ ತಾನಾಗಿ ಹೊಳೆಯದಿರಬಹುದು. ರೋಗಿ ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗುವುದು ಬೇಡ. ಹೋಗಿಬಂದವರು ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ, ಮೈಮೇಲೆ ಉಣುಗು ಇದೆಯೇ ನೋಡಿಕೊಂಡು ಹತ್ತಿರ ಬರಲಿ.

ಊರ ಡಾಕ್ಟರಿಗೆ ತೋರಿಸಲು ಒಂದು ಚೀಟಿ ಜೇಬಿನಲ್ಲಿರಲಿ: ‘ಸಿಸ್‌ಪ್ಲಾಟಿನ್ ನಡೆಯುತ್ತಿದೆ’. ಈ ಔಷಧಿಯ ಮೇಲೆ ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಬಿದ್ದರೆ ಕಿವಿ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಮೈಕೈ ನೋವಿಗೆ ಡೈಕ್ಲೊಫೆನಾಕ್ ಕೂಡ ಬೇಡ. ಎಲ್ಲಿ ದಾಖಲಾದರೂ ಅದೇ ದಿನ ಪ್ರಯೋಗದ ನಂಬರಿಗೆ ಫೋನ್ ಮಾಡಿ, ಏಕೆಂದರೆ ಅವರು 24 ಗಂಟೆಯೊಳಗೆ ಅದನ್ನು ವರದಿ ಮಾಡಬೇಕಾಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಜ್ವರ, ವಾಂತಿ, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಬೆರಳಿನ ಜೋಮು, ನುಂಗಿದ ಪ್ರತಿ ಮಾತ್ರೆಯನ್ನು ತಾರೀಖಿನೊಂದಿಗೆ ಬರೆಯಿರಿ. ನಾಟಿ ಔಷಧಿ, ಕಷಾಯ ಕೊಡುತ್ತಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಯಕೃತ್ತಿನ ಪರೀಕ್ಷೆ ಕೆಟ್ಟಾಗ ಕೀಮೊವೋ ತೊಗಟೆಯೋ ಎಂದು ತಿಳಿಯದಿದ್ದರೆ, ಒಳ್ಳೆಯದು ಮಾಡುತ್ತಿದ್ದ ಔಷಧಿಯನ್ನೇ ನಿಲ್ಲಿಸಿಬಿಡಬಹುದು.

ನಡುವೆ ಸಿಎ 19–9 (ಕ್ಯಾನ್ಸರ್ ಗಮನಿಸಲು ಮಾಡುವ ರಕ್ತಪರೀಕ್ಷೆ) ಏರಿತೆಂದು ಮನೆಯಲ್ಲಿ ಅಳು ಶುರುವಾಗುವುದುಂಟು. ಪಿತ್ತ ಕಟ್ಟಿಕೊಂಡರೂ ಅದು ಏರುತ್ತದೆ. ಮೊದಲು ಬಿಲಿರುಬಿನ್ ನೋಡಿ, ಆಮೇಲೆ ಸ್ಕ್ಯಾನ್. ಗಡ್ಡೆಯ ಅಳತೆ ಹೋಲಿಸಲು ಹಳೆಯ ಸ್ಕ್ಯಾನಿನ ಸಿಡಿ ಬೇಕು, ಬರೀ ವರದಿಯ ಹಾಳೆ ಸಾಲದು. ಪ್ರತಿ ಸಲವೂ ಜೊತೆಗೆ ಒಯ್ಯಿರಿ.