ಮಂಡಿ ಆಪರೇಷನ್ ಆಯ್ತು, ಫಿಸಿಯೋಥೆರಪಿಗೆ ಎಲ್ಲಿಗೆ ಹೋಗುವುದು?

ಅಮ್ಮನ ಎಡ ಮಂಡಿ ಬದಲಾಯಿಸಿ ಅವತ್ತಿಗೆ ಮೂವತ್ತು ದಿನ. ಹೊಸ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟ್ ಅಮ್ಮನನ್ನು ಮಲಗಿಸಿ, ಹಿಮ್ಮಡಿಯನ್ನು ನಿಧಾನವಾಗಿ ಸೊಂಟದ ಕಡೆಗೆ ಎಳೆದುಕೊಳ್ಳಲು ಹೇಳಿದರು. ಇನ್ನಾಗಲ್ಲ ಅಂದಾಗ ಮಂಡಿಯ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದರು. ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ಎರಡು ಉದ್ದ ತೋಳು ಜೋಡಿಸಿದ ಹಾಗಿತ್ತು. ಒಂದು ತೋಳು ತೊಡೆಯ ನೇರಕ್ಕೆ, ಇನ್ನೊಂದು ಕಾಲಿನ ಗಂಟಿನ ಕಡೆಗೆ. ನೋಟ್‌ಬುಕ್ಕಿನಲ್ಲಿ 68 ಎಂದು ಬರೆದು, "ಹೋದ ವಾರ ಎಷ್ಟಿತ್ತು?" ಎಂದು ಕೇಳಿದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೂ ಮುಂಚೆ ಎರಡು ವಾರ ಬೇರೊಂದು ಕ್ಲಿನಿಕ್ಕಿಗೆ ದಿನಾ ಹೋಗಿದ್ದೆವು. ಪರದೆ ಎಳೆದು, ಮಂಡಿಗೆ ನಾಲ್ಕು ಪ್ಯಾಡ್ ಅಂಟಿಸಿ, ಮಷೀನ್ ಆನ್ ಮಾಡಿ ಹೋಗಿಬಿಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಗಂಟೆ ಹೊಡೆದರೆ ಮುಗೀತು. ಒಂದು ದಿನವೂ ಯಾರೂ ಮಂಡಿ ಎಷ್ಟು ಬಾಗುತ್ತಿದೆ ಎಂದು ಅಳೆಯಲಿಲ್ಲ. ಆ ಎರಡು ವಾರ ಯಾಕೆ ಅಷ್ಟು ಮುಖ್ಯವಾಗಿತ್ತು ಅನ್ನೋದು ನನಗೆ ಆಮೇಲೆ ತಿಳಿಯಿತು. ನಿಮಗೆ ಮೊದಲೇ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹುಡುಕಾಟ ಆಪರೇಷನ್‌ಗೆ ಮೊದಲೇ ಶುರುವಾಗಲಿ

ಡಿಸ್ಚಾರ್ಜ್ ಆದ ದಿನ ಮನೆಯಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ. ಆಗ ಕ್ಲಿನಿಕ್ ಹುಡುಕಲು ಕೂತರೆ ಹತ್ತಿರದಲ್ಲಿ ಯಾವ ಬೋರ್ಡ್ ಕಾಣುತ್ತದೋ ಅಲ್ಲಿಗೇ ಹೋಗುತ್ತೇವೆ. ನಾವು ಮಾಡಿದ್ದೂ ಅದನ್ನೇ.

ಮಂಡಿ ಬದಲಿಸಿದ ಮೇಲಿನ ಮೊದಲ ಆರು ವಾರ ಚಿನ್ನದಂಥ ಸಮಯ. ಒಳಗೆ ಗಾಯ ಮಾಯುವಾಗ ಹೊಸ ಅಂಗಾಂಶ ಕಟ್ಟಿಕೊಳ್ಳುತ್ತದೆ. ಆ ಹೊತ್ತಿಗೆ ಮಂಡಿಯನ್ನು ಸರಿಯಾಗಿ ಬಾಗಿಸಿ, ಚಾಚಿ ಆಡಿಸದಿದ್ದರೆ ಅದು ಬಿಗಿದು ಕೂರುತ್ತದೆ. ತೀರಾ ಬಿಗಿದುಹೋದರೆ ಮತ್ತೆ ಅರಿವಳಿಕೆ ಕೊಟ್ಟು, ಸರ್ಜನ್ನೇ ಮಂಡಿಯನ್ನು ಬಗ್ಗಿಸಬೇಕಾದ ಸಂದರ್ಭವೂ ಬರುತ್ತದೆ.

ಆದ್ದರಿಂದ ಆಪರೇಷನ್ ದಿನ ಗೊತ್ತಾದ ಕೂಡಲೇ ಸರ್ಜನ್ ಹತ್ತಿರ ಮೂರು ಪ್ರಶ್ನೆ ಕೇಳಿ. ನಿಮ್ಮ ರೋಗಿಗಳು ಸಾಮಾನ್ಯವಾಗಿ ಎಲ್ಲಿಗೆ ಹೋಗುತ್ತಾರೆ? ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವಾಗಿನಿಂದ? ಯಾವ ವ್ಯಾಯಾಮ ಬೇಡ? ಉತ್ತರಗಳನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಕ್ಲಿನಿಕ್ಕಿಗೆ ಮೊದಲ ದಿನ ಒಯ್ಯಬೇಕಾದ ಕಾಗದ ಅದೇ.

ಮನೆಯವರೊಬ್ಬರು ಮೊದಲೇ ಹೋಗಿ ನೋಡಿ ಬನ್ನಿ

ಅರ್ಧ ಗಂಟೆ ಸಾಕು. ಲಿಫ್ಟ್ ಇದೆಯಾ? ಮೊದಲ ಮಹಡಿಯ ಕ್ಲಿನಿಕ್ಕಿಗೆ ಕಿರಿದಾದ ಮೆಟ್ಟಿಲು ಮಾತ್ರ ಇದ್ದರೆ ವಾಕರ್ ಹಿಡಿದವರು ಹತ್ತುವುದು ಹೇಗೆ? ಟಾಯ್ಲೆಟ್‌ನಲ್ಲಿ ಕಮೋಡ್ ಇದೆಯಾ? ಗಾಡಿ ಬಾಗಿಲವರೆಗೆ ಬರುತ್ತದಾ? ಆಟೋದಲ್ಲಿ ಕಾಲು ಮಡಚಿ ಕೂರುವುದು ಮೊದಲ ವಾರಗಳಲ್ಲಿ ಕಷ್ಟ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರೆ ಸುಲಭ. ಬೆಂಗಳೂರಿನಂಥ ಊರಿನಲ್ಲಿ ಒಂದು ಗಂಟೆ ಟ್ರಾಫಿಕ್‌ನಲ್ಲಿ ಕಾಲು ಇಳಿಬಿಟ್ಟು ಕೂತರೆ ಊತ ಜಾಸ್ತಿಯಾಗುತ್ತದೆ. ಹೆಸರುವಾಸಿ ದೂರದ ಕ್ಲಿನಿಕ್ಕಿಗಿಂತ, ಹತ್ತು ನಿಮಿಷದ ದೂರದಲ್ಲಿರುವ ಒಳ್ಳೆಯದೇ ವಾಸಿ.

ಹೊಲಿಗೆ ಬಿಚ್ಚುವವರೆಗೆ, ಅಂದರೆ ಸುಮಾರು ಎರಡು ವಾರ, ಫಿಸಿಯೋಥೆರಪಿಸ್ಟ್ ಮನೆಗೇ ಬರುವ ವ್ಯವಸ್ಥೆ ಇದ್ದರೆ ಒಳ್ಳೆಯದು. ಆಮೇಲೂ ಮನೆಗೇ ಬರಲಿ ಎಂದು ಬಿಟ್ಟುಬಿಡಬೇಡಿ. ಹಿಡಿದು ನಡೆಯುವ ಕಂಬಿ, ತರಬೇತಿಯ ಮೆಟ್ಟಿಲು, ಸೈಕಲ್ ಎಲ್ಲ ಇರುವುದು ಕ್ಲಿನಿಕ್ಕಿನಲ್ಲಿ.

ಅಲ್ಲಿ ಗೋಡೆಯನ್ನೂ ನೋಡಿ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿಯಲ್ಲಿ ಫಿಸಿಯೋಥೆರಪಿ ಕೇಂದ್ರಗಳೂ ನೋಂದಣಿ ಮಾಡಿಸಿರಬೇಕು. ಜನ ಇದನ್ನು ಕೆಪಿಎಂಇ ಅನ್ನುತ್ತಾರೆ. ಆ ಸರ್ಟಿಫಿಕೇಟ್, ದರಪಟ್ಟಿ ಎರಡೂ ಕಾಣುವ ಹಾಗಿರಬೇಕು. ಚಿಕಿತ್ಸೆ ಕೊಡುವವರು ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಓದಿರಬೇಕು. ಮೂಳೆ-ಕೀಲು ವಿಭಾಗದಲ್ಲಿ ಎಂಪಿಟಿ, ಅಂದರೆ ಸ್ನಾತಕೋತ್ತರ ಪದವಿ, ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಬೋರ್ಡಿನಲ್ಲಿ ಯಾರ ಹೆಸರಿದೆ ಅನ್ನೋದಕ್ಕಿಂತ, ದಿನಾ ನಿಮ್ಮ ಮಂಡಿ ಮುಟ್ಟುವವರು ಯಾರು ಅನ್ನೋದನ್ನು ನೇರವಾಗಿ ಕೇಳಿ. "ವಾರಕ್ಕೆ ಎಷ್ಟು ಮಂಡಿ ಆಪರೇಷನ್ ಆದವರು ಬರುತ್ತಾರೆ?" ಎಂದೂ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಕ್ಲಿನಿಕ್ ನಿಮಗೆ ಬೇಡ.

ಮೊದಲ ದಿನ ಏನು ನಡೆಯುತ್ತದೆ, ಗಮನವಿಟ್ಟು ನೋಡಿ

ಎಲ್ಲಕ್ಕಿಂತ ಜಾಸ್ತಿ ತಿಳಿಯುವುದು ಇಲ್ಲೇ. ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲು ಕಾಗದ ಓದುತ್ತಾರೆ. ಗಾಯ ನೋಡುತ್ತಾರೆ, ಊತ ನೋಡುತ್ತಾರೆ. ಇನ್ನೊಂದು ಮಂಡಿ ಹೇಗಿದೆ, ಶುಗರ್ ಇದೆಯಾ, ಮನೆಯಲ್ಲಿ ಎಷ್ಟು ಮೆಟ್ಟಿಲು, ಮಂಚದ ಎತ್ತರ ಎಷ್ಟು ಎಂದು ಕೇಳುತ್ತಾರೆ. ನಡೆಸಿ ನೋಡುತ್ತಾರೆ. ನಮ್ಮಮ್ಮ ಅಲ್ಲಿಯವರೆಗೂ ಕೋಲನ್ನು ಎಡಗೈಯಲ್ಲೇ ಹಿಡಿಯುತ್ತಿದ್ದರು. ನೋವು ಎಡಗಾಲಿಗೆ, ಆದ್ದರಿಂದ ಕೋಲೂ ಎಡಕ್ಕೆ ಅಂತ. ಹೊಸ ಕ್ಲಿನಿಕ್ಕಿನಲ್ಲಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಕೋಲನ್ನು ಬಲಗೈಗೆ ಬದಲಾಯಿಸಿದರು. ಆಪರೇಷನ್ ಆದ ಕಾಲಿನ ಎದುರು ಬದಿಗೆ ಕೋಲು ಇರಬೇಕು. ಹಿಂದಿನ ಕ್ಲಿನಿಕ್ಕಿನಲ್ಲಿ ಎರಡು ವಾರ ಇದನ್ನು ಯಾರೂ ನೋಡಿರಲೇ ಇಲ್ಲ.

ಆಮೇಲೆ ಅಳತೆ. ಎರಡು ಅಂಕಿ ಬೇಕು: ಎಷ್ಟು ಬಾಗುತ್ತದೆ, ಎಷ್ಟು ನೇರವಾಗುತ್ತದೆ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲಿಗೆ 90ರ ಆಸುಪಾಸು ಬೇಕು. ತಗ್ಗಾದ ಸೋಫಾದಿಂದ ಏಳಲು 100ಕ್ಕೂ ಜಾಸ್ತಿ. ಅಮ್ಮನ 68 ಅಂದರೆ ಮನೆಯೊಳಗೆ ಓಡಾಟ, ಅಷ್ಟೇ.

ನೇರವಾಗುವುದನ್ನು ಜನ ಮರೆತುಬಿಡುತ್ತಾರೆ. ಮಂಡಿ ಪೂರ್ತಿ ಚಾಚದಿದ್ದರೆ ಆ ಕಾಲು ಗಿಡ್ಡವಾದಂತೆ ಕುಂಟು ಬರುತ್ತದೆ, ತೊಡೆ ಬೇಗ ಸೋಲುತ್ತದೆ. ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಿದರೆ ಹಾಯ್ ಅನಿಸುತ್ತದೆ, ಅಲ್ವಾ? ಆದರೆ ಹಾಗೇ ಮಲಗಿ ಅಭ್ಯಾಸವಾದರೆ ಮಂಡಿ ಬಾಗಿದಂತೆಯೇ ಬಿಗಿಯುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ. ಮೊದಲ ದಿನವೇ ಇದನ್ನು ಹೇಳಿಕೊಟ್ಟರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತಲೇ ಲೆಕ್ಕ.

ಮಷೀನ್ ಬಗ್ಗೆ ಒಂದು ಮಾತು. ನೋವು ತಗ್ಗಿಸಲು ಕರೆಂಟಿನ ಪ್ಯಾಡ್ ಇಡುವುದು ತಪ್ಪಲ್ಲ. ಆದರೆ ತೊಡೆಯ ಮುಂಭಾಗದ ಸ್ನಾಯು ಆಪರೇಷನ್ ಆದ ಮೇಲೆ ತುಂಬಾ ಸೊರಗಿರುತ್ತದೆ. ಅದಕ್ಕೆ ಮತ್ತೆ ಬಲ ಬರುವುದು ನಾವೇ ಕಾಲು ಎತ್ತಿ, ಚಾಚಿ, ಎದ್ದು ಕೂತು ಮಾಡುವ ಕೆಲಸದಿಂದ. ಒಂದು ಗಂಟೆಯಲ್ಲಿ ಮುಕ್ಕಾಲು ಗಂಟೆ ಮಷೀನ್ ಕೆಳಗೇ ಮಲಗಿಸಿದರೆ ಆ ಜಾಗ ಬಿಡಿ. ಇನ್ನೊಂದು, ಇದು ಸುರಕ್ಷತೆಯ ವಿಷಯ: ಒಳಗೆ ಲೋಹ ಇರುವ ಮಂಡಿಗೆ ಶಾರ್ಟ್‌ವೇವ್ ಡಯಾಥರ್ಮಿ ಎಂಬ ಆಳದ ಶಾಖ ಕೊಡಬಾರದು. ಲೋಹ ಕಾದು ಒಳಗೇ ಸುಟ್ಟೀತು. ಯಾರಾದರೂ ಆ ಯಂತ್ರ ಹತ್ತಿರ ತಂದರೆ "ಇದು ಬದಲಿ ಮಂಡಿ" ಎಂದು ಜೋರಾಗಿಯೇ ಹೇಳಿ. ವ್ಯಾಯಾಮ ಆದ ಮೇಲೆ ಊತಕ್ಕೆ ಬೇಕಾಗಿರುವುದು ಬಟ್ಟೆಯಲ್ಲಿ ಸುತ್ತಿದ ಐಸ್. ಬಿಸಿ ಎಣ್ಣೆ ಹಾಕಿ ಮೀನಖಂಡ ತಿಕ್ಕುವುದಂತೂ ಬೇಡವೇ ಬೇಡ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಪಾಯ.

ನೋವು ಎಷ್ಟಿದ್ದರೆ ಸರಿ? ಬಗ್ಗಿಸುವಾಗ ನೋವು ಇದ್ದೇ ಇರುತ್ತದೆ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಎಂದು ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಆದರೆ ರೋಗಿ ಕಿರುಚುವ ಹಾಗೆ ಒತ್ತಿ ಮಡಚುವುದು ಚಿಕಿತ್ಸೆ ಅಲ್ಲ. ನಮಗೆ ಹೇಳಿಕೊಟ್ಟ ಲೆಕ್ಕ ಸರಳವಾಗಿತ್ತು. ಮಾರನೇ ಬೆಳಗ್ಗೆ ಮಂಡಿ ನಿನ್ನೆಯಷ್ಟೇ ಅಥವಾ ಕಡಿಮೆ ಊದಿದ್ದರೆ ಸರಿ, ಜಾಸ್ತಿ ಊದಿ ಬಿಸಿಯಾಗಿದ್ದರೆ ಹಿಂದಿನ ದಿನ ಅತಿಯಾಯಿತು ಅಂತ ಅರ್ಥ.

ದುಡ್ಡಿನ ವಿಷಯ

ಮಂಡಿಗೆ ಹಾಕುವ ಇಂಪ್ಲಾಂಟ್ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಮಾಮೂಲಿ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾಗಿದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಫಿಸಿಯೋಥೆರಪಿಗೆ ಅಂಥ ಮಿತಿ ಇಲ್ಲ. ಆದ್ದರಿಂದ ಆಪರೇಷನ್ ಖರ್ಚು ಲೆಕ್ಕ ಹಾಕುವಾಗಲೇ ಎರಡು-ಮೂರು ತಿಂಗಳ ಫಿಸಿಯೋಥೆರಪಿಯನ್ನೂ ಸೇರಿಸಿ. ಮೂವತ್ತು ಸಿಟ್ಟಿಂಗ್ ಪ್ಯಾಕೇಜ್ ಎಂದು ಮೊದಲೇ ಕಟ್ಟಿಸಿಕೊಳ್ಳುವ ಕಡೆ ಐದೋ ಆರೋ ಸಿಟ್ಟಿಂಗ್‌ಗೆ ಮಾತ್ರ ಕೊಡಿ. ದುಡ್ಡು ಕಟ್ಟಿಬಿಟ್ಟಿದ್ದೇವೆ ಎಂಬ ಒಂದೇ ಕಾರಣಕ್ಕೆ ನಾವು ಮೊದಲ ಕ್ಲಿನಿಕ್ಕಿನಲ್ಲಿ ಒಂದು ವಾರ ಜಾಸ್ತಿ ಉಳಿದೆವು.

ಆರೋಗ್ಯ ವಿಮೆ ಇದ್ದರೆ ಪಾಲಿಸಿ ತೆಗೆದು ಓದಿ. ಡಿಸ್ಚಾರ್ಜ್ ನಂತರ ಇಂತಿಷ್ಟು ದಿನದ ಖರ್ಚು ಕೊಡುವ ಪಾಲಿಸಿಗಳಲ್ಲಿ, ಸರ್ಜನ್ ಬರೆದುಕೊಟ್ಟ ಫಿಸಿಯೋಥೆರಪಿಯೂ ಸೇರಿರಬಹುದು. ಚೀಟಿ, ಬಿಲ್ಲು ಎಲ್ಲ ಎತ್ತಿಡಿ.

ಯಾವಾಗ ಬಿಡಬೇಕು, ಯಾವಾಗ ಆಸ್ಪತ್ರೆಗೆ ಓಡಬೇಕು

ವಾರಕ್ಕೊಮ್ಮೆ ಅಳತೆ ಬರೆಸಿಕೊಳ್ಳಿ. ಎರಡು ವಾರ ಅಂಕಿ ಅಲ್ಲೇ ನಿಂತಿದ್ದರೆ ಕ್ಲಿನಿಕ್ಕಿನಲ್ಲಿ ಕೇಳಿ, ಸರ್ಜನ್‌ಗೂ ಫೋನ್ ಮಾಡಿ. ಸಂಕೋಚ ಬೇಡ. ಮೀನಖಂಡದಲ್ಲಿ ಹೊಸದಾಗಿ ಹಿಡಿದ ನೋವು, ಒಂದೇ ಕಾಲು ಬಿರುಸಾಗಿ ಊದುವುದು, ಜ್ವರ, ಗಾಯದಿಂದ ಕೀವು ಅಥವಾ ನೀರು, ಉಸಿರಾಟಕ್ಕೆ ತೊಂದರೆ, ಎದೆನೋವು: ಇವುಗಳಲ್ಲಿ ಒಂದು ಕಂಡರೂ ಕ್ಲಿನಿಕ್ಕಿಗಲ್ಲ, ಸೀದಾ ಆಸ್ಪತ್ರೆಗೆ ಹೋಗಿ.

ಅಮ್ಮನ ನೋಟ್‌ಬುಕ್ ಈಗಲೂ ದೇವರ ಮನೆಯ ಗೂಡಿನಲ್ಲಿದೆ. 68, 77, 85, 92. ಹನ್ನೆರಡನೇ ವಾರಕ್ಕೆ 112. ಮೆಟ್ಟಿಲ ಪಾಠವನ್ನು ಅದರ ಹಿಂದಿನ ಪುಟದಲ್ಲಿ ತಾವೇ ಬರೆದುಕೊಂಡಿದ್ದಾರೆ: "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು." ಕೊನೆಯ ದಿನ ಫಿಸಿಯೋಥೆರಪಿಸ್ಟ್, "ಇನ್ನೂ ಏನು ಮಾಡಕ್ಕಾಗ್ತಿಲ್ಲ ಹೇಳಿ" ಎಂದು ಕೇಳಿದರು. ಪೂಜೆಗೆ ನೆಲದ ಮೇಲೆ ಕೂರೋಕಾಗಲ್ಲ ಅಂದರು ಅಮ್ಮ. ನೆಲ ಬೇಡ ಎಂದು ಸರ್ಜನ್ ಹೇಳಿದ್ದರು. ಅದಕ್ಕೆ ಫಿಸಿಯೋಥೆರಪಿಸ್ಟ್ ಟೇಪ್ ತಂದು ಅಮ್ಮನ ಮಂಡಿಯಿಂದ ನೆಲದವರೆಗೆ ಅಳೆದು, ಪೂಜೆಗೆ ಕೂರಲು ಎಷ್ಟು ಎತ್ತರದ ಸ್ಟೂಲ್ ಮಾಡಿಸಬೇಕು ಎಂದು ಅದೇ ಪುಟದಲ್ಲಿ ಬರೆದುಕೊಟ್ಟರು.