ಭಯಕ್ಕೆ ಕೆಂಪು, ನಂಬಿಕೆಗೆ ನೀಲಿ: ಮಾರ್ಕನ ಬಿರುಗಾಳಿ ಕಥೆನ ಮನೇಲಿ ಕೂತು ಓದೋ ರೀತಿ

ವಾಟ್ಸಾಪಲ್ಲಿ ಆಗಾಗ ಒಂದು ಫಾರ್ವರ್ಡ್ ಬರತ್ತೆ, ಬೈಬಲ್‌ನಲ್ಲಿ "ಭಯಪಡಬೇಡ" ಅನ್ನೋ ಮಾತು 365 ಸಲ ಇದೆ, ದಿನಕ್ಕೊಂದು ಅಂತ. ಕೇಳೋಕೆ ಚೆನ್ನಾಗಿದೆ, ಎಣಿಸೋಕೆ ಕೂತ್ರೆ ಅಷ್ಟು ಸಿಗಲ್ಲ. ಅದು ಹೋಗ್ಲಿ ಬಿಡಿ, ಇಂಥದ್ದನ್ನೇ ಓದಿ ಓದಿ ನಮ್ಮ ತಲೇಲಿ ಒಂದು ಲೆಕ್ಕ ಕೂತುಬಿಟ್ಟಿದೆ, ಭಯ ಇದ್ರೆ ನಂಬಿಕೆ ಇಲ್ಲ, ನಂಬಿಕೆ ಇದ್ರೆ ಭಯ ಇಲ್ಲ ಅಂತ. ಹಾಗಿದ್ರೆ ಅದೇ ಬೈಬಲ್ ಯೆಹೋವನ, ಅಂದ್ರೆ ದೇವರ, ಭಯವೇ ಜ್ಞಾನಕ್ಕೆ ಮೂಲ ಅಂತ ಯಾಕೆ ಹೇಳತ್ತೆ, ಅದನ್ನೂ ನಾವೇ ಫ್ರೇಮ್ ಹಾಕ್ಸಿ ಹಾಲ್‌ನಲ್ಲಿ ತೂಗುಹಾಕಿರ್ತೀವಲ್ಲ.

ಈ ಗೊಂದಲಕ್ಕೆ ನಂಗೆ ಸಿಕ್ಕಿರೋ ಒಳ್ಳೆ ಮದ್ದು ಅಂದ್ರೆ ಯೇಸುವಿನ ಜೀವನ ಹೇಳೋ ಬೈಬಲ್ ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೇಲಿ 4ನೇ ಅಧ್ಯಾಯದ 35ನೇ ವಚನದಿಂದ (4:35) 6:6ರವರೆಗೆ ಒಂದೇ ಗುಕ್ಕಲ್ಲಿ ಓದೋದು. ಮನೆ ಪ್ರಾರ್ಥನೆ ಕೂಟಕ್ಕೆ ಸರಿಹೋಗತ್ತೆ, ಒಬ್ರೇ ಕೂತ್ರೂ ಆಗತ್ತೆ. ನಾನು ಮಾಡೋ ರೀತಿ ಹೇಳ್ತೀನಿ.

ಮೊದ್ಲು ಆ ಭಾಗವನ್ನ ಜೆರಾಕ್ಸ್ ಮಾಡಿಸ್ಕೊಳ್ಳಿ. ಬೈಬಲ್ ಮೇಲೆ ಗೀಚಬಾರದು ಅಂತ ಬೆಳೆದವರು ನಮ್ಮಲ್ಲಿ ಜಾಸ್ತಿ, ಸುಮ್ನೆ ಅವರ ಮನಸ್ಸು ನೋಯಿಸೋದು ಯಾಕೆ. ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು, ಒಂದು ಪೆನ್ಸಿಲ್ ಸಾಕು. ಒಬ್ರು ಗಟ್ಟಿಯಾಗಿ ಓದ್ಲಿ, ನಡುವೆ ಯಾರೂ ವ್ಯಾಖ್ಯಾನ ಶುರು ಮಾಡ್ಬಾರ್ದು, ನಮ್ಮಲ್ಲಿ ಪ್ರತಿ ಗುಂಪಲ್ಲೂ ಒಬ್ರು ಇರ್ತಾರೆ ಎರಡು ವಚನ ಆಗೋಷ್ಟರಲ್ಲಿ ಪ್ರಸಂಗ ಶುರು ಮಾಡೋರು, ಓದೋ ಕೆಲಸ ಅವರಿಗೇ ಕೊಟ್ಬಿಡಿ. ಉಳಿದವರು ಹೆದರಿದ್ರು, ನಡುಗಿದ್ರು ಅಂತ ಬಂದ ಕಡೆ ಕೆಂಪು ಗೆರೆ, ನಂಬಿಕೆ ಅಂತ ಬಂದ ಕಡೆ ನೀಲಿ ಗೆರೆ ಎಳೀಲಿ. ಕಥೋಲಿಕರ ಬೈಬಲ್ ಇಟ್ಕೊಂಡವರು ವಿಶ್ವಾಸ ಅಂತ ಹುಡುಕಿ. ಅಪನಂಬಿಕೆಗೂ ನೀಲೀನೇ. ಕೆಂಪು 5 ಕಡೆ ಬರತ್ತೆ, ನೀಲಿ 4 ಕಡೆ. ಎರಡೂ ಬಣ್ಣ ಅಕ್ಕಪಕ್ಕ ಬೀಳೋ ಜಾಗಗಳೂ ಇವೆ, ಅಲ್ಲೇ ಇರೋದು ವಿಷಯ.

ಈಗ ಪೆನ್ಸಿಲ್ ತಗೊಳ್ಳಿ. ಪ್ರತಿ ಕೆಂಪು ಗೆರೆ ಪಕ್ಕ ಒಂದು ಬಾಣದ ಗುರುತು ಹಾಕ್ಬೇಕು, ಹೆದರಿದವರ ಕಾಲು ಯೇಸುವಿನ ಕಡೆ ಹೋಯ್ತೋ ಅಥವಾ ಅವನಿಂದ ದೂರ ಹೋಯ್ತೋ ಅಂತ. ಹೆದರಿದ್ರಾ ಇಲ್ವಾ ಅನ್ನೋದಲ್ಲ ಪ್ರಶ್ನೆ, ಹೆದರಿದ ಮೇಲೆ ಎಲ್ಲಿಗೆ ಹೋದ್ರು ಅನ್ನೋದು. ಇಷ್ಟೇ ನನ್ನ ಇಡೀ ಮೆಥಡ್ಡು.

ಮೊದಲನೇದು ಬಿರುಗಾಳಿ, ಯೇಸು ಮತ್ತು ಶಿಷ್ಯರು ದೋಣೀಲಿ ಗಲಿಲಾಯ ಸಮುದ್ರ ದಾಟುವಾಗ ಎದ್ದದ್ದು. ಇದಕ್ಕೆ ಟೈಮ್ ಜಾಸ್ತಿ ಕೊಡಿ. ಗಲಿಲಾಯ ಸಮುದ್ರ ಅಂತೀವಿ, ನಿಜಕ್ಕೂ ಅದು ಸಿಹಿನೀರಿನ ಸರೋವರ, ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚಂದ್ರೆ 13. ನೀರು ಇರೋದೇ ಸಮುದ್ರಮಟ್ಟಕ್ಕಿಂತ 200 ಮೀಟರ್‌ಗೂ ಕೆಳಗೆ, ಸುತ್ತ ಗುಡ್ಡಗಳು, ಆ ಗುಡ್ಡಗಳ ನಡುವಿಂದ ಗಾಳಿ ನುಗ್ಗಿದ್ರೆ ನೋಡ್ತಾ ನೋಡ್ತಾ ಅಲೆ ಎದ್ದುಬಿಡತ್ತೆ. 1986ರಲ್ಲಿ ಮಳೆ ಇಲ್ದೆ ನೀರು ಇಳಿದಾಗ ದಡದಲ್ಲಿರೋ ಗಿನೋಸಾರ್ ಹತ್ರ ಕೆಸರಲ್ಲಿ ಒಂದು ಹಳೇ ದೋಣಿ ಸಿಕ್ತು, ಹೆಚ್ಚುಕಡಿಮೆ ಯೇಸುವಿನ ಕಾಲದ್ದೇ, 8 ಮೀಟರ್ ಚಿಲ್ಲರೆ ಉದ್ದ, 2.3 ಮೀಟರ್ ಅಗಲ. ಅಂದ್ರೆ ಟೆಂಪೋ ಟ್ರಾವೆಲರ್‌ಗಿಂತ ಒಂದು ಚೂರು ದೊಡ್ಡದು. ಅಂಥದ್ರಲ್ಲಿ ಅಷ್ಟು ಜನ, ರಾತ್ರಿ, ಒಳಗೆ ನೀರು ತುಂಬ್ತಾ ಇದೆ, ಹಿಂಭಾಗದಲ್ಲಿ ಯೇಸು ತಲೆದಿಂಬಿನ ಮೇಲೆ ತಲೆ ಇಟ್ಟು ನಿದ್ದೆ. ಶಿಷ್ಯರು ಎಬ್ಬಿಸಿದ್ರು, ಅವನು ಎದ್ದು ಗಾಳಿನ ಗದರಿಸಿದ, ಗಾಳಿ ನಿಂತ್ಹೋಯ್ತು. ಬೇರೆ ಸುವಾರ್ತೆಗಳಲ್ಲಿ ಮತ್ತಾಯ, ಲೂಕರೂ ಈ ಕಥೆ ಬರೆದಿದ್ದಾರೆ, ತಲೆದಿಂಬಿನ ಮಾತು ಮಾತ್ರ ಮಾರ್ಕ ಒಬ್ಬನೇ ಹೇಳೋದು. ಈ ದೃಶ್ಯವನ್ನ ಡಚ್ ಚಿತ್ರಕಾರ ರೆಂಬ್ರಾಂಟ್ 1633ರಲ್ಲಿ ಚಿತ್ರ ಬರೆದಿದ್ದ, 1990ರಲ್ಲಿ ಬಾಸ್ಟನ್ನಿನ ಮ್ಯೂಸಿಯಮ್ಮಿಂದ ಅದು ಕಳುವಾಯ್ತು. ಚಿತ್ರ ಹೋದ್ರೂ ನೆಟ್‌ನಲ್ಲಿ ಫೋಟೋ ಸಿಗತ್ತೆ, ಮೊಬೈಲಲ್ಲಿ ತೆಗೆದು ಎಲ್ಲರಿಗೂ ತೋರ್ಸಿ, ಒಬ್ಬೊಬ್ಬರ ಮುಖ ಒಂದೊಂಥರ ಇದೆ, ಒಬ್ಬ ಅಂಚಿಗೆ ಬಗ್ಗಿ ವಾಂತಿ ಮಾಡ್ತಾ ಇದಾನೆ.

ಇಲ್ಲಿ ಗುಂಪಿಗೆ ಕೇಳ್ಬೇಕಾದ ಪ್ರಶ್ನೆ ಒಂದೇ. ಗಾಳಿ ನಿಂತ ಮೇಲೆ ಶಿಷ್ಯರ ಭಯ ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ?

ಎಲ್ಲರೂ ಕಮ್ಮಿ ಆಯ್ತು ಅಂತಾರೆ. ಓದಿ ನೋಡಿ, ಜಾಸ್ತಿ ಆಗಿದೆ. ಮೂಲ ಗ್ರೀಕಲ್ಲಿ ಮಾರ್ಕ "ದೊಡ್ಡ" ಅನ್ನೋ ಒಂದೇ ಪದವನ್ನ ಮೂರು ಸಲ ಇಡ್ತಾನೆ, ದೊಡ್ಡ ಬಿರುಗಾಳಿ, ಆಮೇಲೆ ದೊಡ್ಡ ಶಾಂತಿ, ಆಮೇಲೆ ದೊಡ್ಡ ಭಯ. ನಮ್ಮ ಗುಂಪಲ್ಲಿ ಇದನ್ನ ಓದಿದಾಗ ಎಲ್ಲರೂ ಸುಮ್ನಾಗ್ಬಿಟ್ರು, ನಾನೂ ಏನೋ ಪುಸ್ತಕದ ಉತ್ತರ ಹೇಳೋಕೆ ಹೊರಟೆ, ಅಷ್ಟರಲ್ಲಿ ಮೂಲೇಲಿ ಕೂತು ಹುರುಳಿಕಾಯಿ ಸೋಸ್ತಾ ಇದ್ದ ಅಜ್ಜಿ ಒಬ್ರು, ಅವರಿಗೆ ಓದೋಕೆ ಬರಲ್ಲ, ಕೇಳಿಸ್ಕೊಳ್ಳೋದಷ್ಟೇ, "ಅಲ್ಲ ಕಣಮ್ಮಾ, ಅವ್ರು ಮೀನು ಹಿಡಿಯೋರು, ಗಾಳಿ ಅವ್ರಿಗೆ ಗೊತ್ತಿದ್ದದ್ದೇ. ದೋಣೀಲಿ ಮಲಗಿದ್ದೋನು ಯಾರು ಅಂತ ಗೊತ್ತಿರ್ಲಿಲ್ಲ" ಅಂದ್ರು. ನಾನು ತಯಾರಿ ಮಾಡ್ಕೊಂಡು ಹೋಗಿದ್ದ ನೋಟ್ಸ್ ಮಡಚಿ ಬ್ಯಾಗಿಗೆ ಹಾಕ್ಕೊಂಡೆ.

ಇನ್ನೊಂದು ಸೂಕ್ಷ್ಮ ಇದೆ, ಕನ್ನಡದಲ್ಲಿ ಬೇಗ ಹಿಡಿಯತ್ತೆ. ಯೇಸು ಬೈದದ್ದು ಯಾವ ಭಯಕ್ಕೆ? "ಯಾಕೆ ಹೆದರ್ತೀರಿ, ನಿಮಗೆ ಇನ್ನೂ ನಂಬಿಕೆ ಇಲ್ವಾ" ಅಂತ ಕೇಳೋ ಜಾಗದಲ್ಲಿ ಗ್ರೀಕಲ್ಲಿ ಇರೋದು ಪುಕ್ಕಲುತನದ ಪದ. ನೀರಿಗೆ ಹೆದರಿ "ಗುರುವೇ, ನಾವು ಸತ್ರೂ ನಿಂಗೇನೂ ಅನ್ಸಲ್ವಾ" ಅಂತ ಕೂಗಿದ್ರಲ್ಲ, ಅದಕ್ಕೆ. ಮುಂದಿನ ವಚನದ ದೊಡ್ಡ ಭಯ ಬೇರೆ ಪದ, ಅದಕ್ಕೆ ಅವನು ಬೈಯೋದೇ ಇಲ್ಲ. ನಮ್ಮಲ್ಲಿ ಭಯಭಕ್ತಿ ಅಂತ ಒಂದೇ ಉಸಿರಲ್ಲಿ ಹೇಳ್ತೀವಲ್ಲ, ಪುಕ್ಕಲು ಬೇರೆ, ಭಯಭಕ್ತಿ ಬೇರೆ ಅಂತ ಮಕ್ಕಳಿಗೂ ಗೊತ್ತಾಗತ್ತೆ. ಆದ್ರೆ ಶಿಷ್ಯರ ಈ ಭಯವನ್ನ ತಕ್ಷಣ ಭಕ್ತಿ ಅಂತ ಕರೆದುಬಿಡ್ಬೇಡಿ, ಅವರು ಅಡ್ಡಬಿದ್ದಿಲ್ಲ, "ಇವನು ಯಾರಿರಬಹುದು" ಅಂತ ಒಬ್ಬರಿಗೊಬ್ಬರು ಕೇಳ್ಕೊಂಡ್ರು ಅಷ್ಟೇ. ಬಾಣ ಯಾವ ಕಡೆಗೂ ಹೋಗಲ್ಲ, ದೋಣಿ ಬಿಟ್ಟು ಹೋಗೋಕೆ ಜಾಗಾನೂ ಇಲ್ಲ. ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಸರೋವರದ ಆಚೆ ದಡ, ಗೆರಸೇನರ ಸೀಮೇಲಿ ದೆವ್ವ ಹಿಡಿದವನ ಕಥೆ ಬಂದಾಗ ಗುಂಪು ಹಂದಿ ಹಿಂದೆ ಓಡತ್ತೆ. ಯೇಸು ಬಿಡಿಸಿದ ದೆವ್ವಗಳು ಹಂದಿ ಹಿಂಡಿನೊಳಗೆ ಹೊಕ್ಕು, ಹಿಂಡು ನೀರಿಗೆ ಬಿದ್ದು ಸತ್ತಿತ್ತು. ಸುಮಾರು 2000 ಹಂದಿ ಯಾಕೆ ಸಾಯ್ಬೇಕಿತ್ತು, ನಷ್ಟ ಯಾರು ಕೊಟ್ರು ಅಂತ. ಐದು ನಿಮಿಷ ಬಿಟ್ಕೊಡಿ, ಆಮೇಲೆ 5:15ಕ್ಕೆ ಕರ್ಕೊಂಡು ಬನ್ನಿ. ಊರವರು ಯಾವಾಗ ಹೆದರಿದ್ರು ನೋಡಿ. ಆ ಮನುಷ್ಯ ಸರಪಳಿ ಕಿತ್ತು ಗವಿಗಳಲ್ಲಿ ಕೂಗ್ತಾ ಇದ್ದಾಗ ಹೆದರಿದ್ರು ಅಂತ ಮಾರ್ಕ ಬರೆಯಲ್ಲ. ಅವನು ಬಟ್ಟೆ ಹಾಕ್ಕೊಂಡು, ಬುದ್ಧಿ ಸ್ವಾಧೀನದಲ್ಲಿ ಇಟ್ಕೊಂಡು, ಸುಮ್ನೆ ಕೂತಿದ್ದನ್ನ ಕಂಡು ಹೆದರಿದ್ರು. ದಯವಿಟ್ಟು ನಮ್ಮ ಊರು ಬಿಟ್ಟು ಹೋಗು ಅಂತ ಯೇಸುವನ್ನೇ ಬೇಡ್ಕೊಂಡ್ರು. ಬಾಣ ದೂರಕ್ಕೆ. ಗುಣವಾದವನು ನಾನೂ ನಿನ್ನ ಜೊತೆ ಬರ್ತೀನಿ ಅಂತ ಬೇಡ್ತಾನೆ, ಅದೇ ಶಕ್ತಿ, ಅದೇ ದಿನ, ಎರಡು ದಿಕ್ಕು. ಯಾರಾದ್ರೂ ಚುರುಕು ಹುಡುಗ್ರಿದ್ರೆ ಇನ್ನೊಂದು ಕೇಳ್ತಾರೆ, ಯೇಸು ದೇವರ ಮಗ ಅಂತ ಇಲ್ಲಿ ಸರಿಯಾಗಿ ಹೇಳೋದು ಆ ದೆವ್ವಗಳ ದಂಡು ತಾನೇ ಅಂತ. ಹೌದು. ಯಾಕೋಬನ ಪತ್ರಿಕೆ 2:19 ತೆಗ್ಸಿ, ದೆವ್ವಗಳೂ ನಂಬ್ತಾವೆ, ನಡುಗ್ತಾವೆ. ಸರಿಯಾದ ಉತ್ತರ ಗೊತ್ತಿದ್ದ ಮಾತ್ರಕ್ಕೆ ಮಾರ್ಕ ಅದನ್ನ ನಂಬಿಕೆ ಅಂತ ಕರೆಯಲ್ಲ.

ರಕ್ತಸ್ರಾವದ ಹೆಂಗಸಿನ ಭಾಗವನ್ನ ಆದಷ್ಟು ಹೆಣ್ಣುಮಕ್ಕಳ ಕೈಲಿ ಓದ್ಸಿ. ಗಂಡಸರು ಓದಿದ್ರೆ ಗಂಟಲು ಸರಿಮಾಡ್ಕೊಂಡು ಬೇಗ ಬೇಗ ದಾಟಿಬಿಡ್ತಾರೆ. 12 ವರ್ಷದ ಕಾಯಿಲೆ, ವೈದ್ಯರಿಗೆ ಇದ್ದದ್ದೆಲ್ಲ ಸುರಿದು ಇನ್ನೂ ಕೆಟ್ಟಿತ್ತು, ಬೈಬಲ್‌ನ ಯಾಜಕಕಾಂಡ ಅನ್ನೋ ಪುಸ್ತಕದ ನಿಯಮದ ಪ್ರಕಾರ ಅವಳನ್ನ ಮುಟ್ಟಿದವರಿಗೂ ಮೈಲಿಗೆ. ಹಿಂದಿಂದ ಬಂದು ಬಟ್ಟೆ ಮುಟ್ಟಿದ್ಲು, ರಕ್ತ ನಿಂತ್ಹೋಯ್ತು. ಕದ್ದು ಬಂದ ಕೆಲಸ ಆಯ್ತಲ್ಲ, ಹೊರಟುಹೋಗ್ಬಹುದಿತ್ತು. "ನನ್ನನ್ನ ಮುಟ್ಟಿದ್ದು ಯಾರು" ಅಂತ ಅವನು ತಿರುಗಿ ನೋಡಿದ ಮೇಲೆ, ಹೆದರಿ ನಡುಗ್ತಾ, ಅಷ್ಟು ಜನರ ಮಧ್ಯೆ ಮುಂದೆ ಬಂದು ಕಾಲಿಗೆ ಬಿದ್ದು ನಡೆದದ್ದೆಲ್ಲ ಹೇಳಿದ್ಲು. ಅವಳಿಗೆ ಅವನು ನೀನು ಯಾಕೆ ನಡುಗ್ತೀಯ ಅಂತ ಕೇಳಲ್ಲ. ಮಗಳೇ, ನಿನ್ನ ನಂಬಿಕೆ ನಿನ್ನನ್ನ ಸ್ವಸ್ಥ ಮಾಡ್ತು ಅಂತಾನೆ. ಕೆಂಪು ಗೆರೆ, ಕೆಳಗೇ ನೀಲಿ ಗೆರೆ, ಒಬ್ಬಳೇ ಹೆಂಗಸಿಗೆ. ನಂಬಿಕೆ ಇದ್ರೆ ಮೈ ನಡುಗಬಾರ್ದು ಅನ್ನೋ ಲೆಕ್ಕ ಇಲ್ಲಿಗೆ ಮುಗೀತು.

ಮಗಳನ್ನ ಉಳಿಸು ಅಂತ ಯೇಸುವನ್ನ ಕರೆಯೋಕೆ ಬಂದ ಸಭಾಮಂದಿರದ ಅಧಿಕಾರಿ ಯಾಯೀರನದು ಕಾಯೋ ಭಯ. ಮಗಳು ಸಾಯ್ತಾ ಇದಾಳೆ, ಯೇಸು ದಾರೀಲಿ ನಿಂತು ಇನ್ನೊಬ್ಬಳ ಜೊತೆ ಮಾತಾಡ್ತಾ ಇದಾನೆ. ಐಸಿಯು ಮುಂದೆ ಕೂತವರಿಗೆ ಇದನ್ನ ವಿವರಿಸೋದು ಬೇಡ. "ಮಗಳು ತೀರಿಕೊಂಡ್ಲು" ಅಂತ ಸುದ್ದಿ ಬಂದಾಗ "ಭಯಪಡಬೇಡ, ನಂಬಿಕೆ ಮಾತ್ರ ಇರ್ಲಿ" ಅಂತ ಯೇಸು ಹೇಳ್ತಾನೆ, ಆದ್ರೆ ಹೇಳಿ ಅಲ್ಲೇ ನಿಲ್ಲಲ್ಲ, ಜೊತೇಲಿ ಮನೆವರೆಗೂ ನಡೀತಾನೆ, ಅವಳನ್ನ ಎಬ್ಬಿಸಿ, ಊಟಕ್ಕೆ ಕೊಡಿ ಅಂತಾನೆ. ನಾವು ಆ ವಚನ ಮಾತ್ರ ಸ್ಟೇಟಸ್‌ಗೆ ಹಾಕಿ ಮನೇಲಿ ಕೂರ್ತೀವಿ.

ಇದಕ್ಕೇ ಒಂದು ಎಚ್ಚರಿಕೆ. ಈ ಪಾಠ ನಡೆಸುವಾಗ ಕಾಯಿಲೆಯವರು, ಸಾವು ನೋಡಿದವರು ಕೂತಿರ್ತಾರೆ. ನಮ್ಮಮ್ಮಂಗೆ ಆಪರೇಷನ್ ಹಿಂದಿನ ದಿನ ಪ್ರಾರ್ಥನೆಗೆ ಬಂದೋರೊಬ್ರು, ಅಮ್ಮನ ಕೈ ನಡುಗ್ತಾ ಇರೋದು ನೋಡಿ, ನಿಮ್ಮ ನಂಬಿಕೆ ಗಟ್ಟಿ ಇಲ್ಲ ಅಂದ್ಬಿಟ್ರು. ಅಮ್ಮ ಆ ರಾತ್ರಿ ಕಾಯಿಲೆಗಿಂತ ಅದನ್ನೇ ನೆನೆಸ್ಕೊಂಡು ಅತ್ತಿದ್ದು. ನಿಮ್ಮ ಗುಂಪಲ್ಲಿ ಆ ಮಾತು ಯಾರಾದ್ರೂ ಎತ್ತಿದ್ರೆ ವಾದ ಬೇಡ, 5:33 ಇನ್ನೊಂದ್ಸಲ ಓದಿ ಅನ್ನಿ ಸಾಕು. ಹಾಗೇ ಬಿರುಗಾಳಿ ತೋರ್ಸಿ ಮಕ್ಕಳಿಗೆ ದೇವರು ಹೊಡೀತಾನೆ ಅಂತ ಹೆದರ್ಸೋದೂ ಬೇಡ, ಅವನು ಗದರಿಸಿದ್ದು ಗಾಳಿಗೆ.

ಕೊನೆಗೆ ಯೇಸು ಬೆಳೆದ ಊರು ನಜರೇತು, 6:1ರಿಂದ. ಇಲ್ಲಿ ಕೆಂಪು ಪೆನ್ನಿಗೆ ಕೆಲಸವೇ ಇಲ್ಲ, ಅದನ್ನ ಜನರೇ ಕಂಡುಹಿಡೀಲಿ, ನೀವು ಹೇಳ್ಬೇಡಿ. ಆಶ್ಚರ್ಯ ಪಟ್ರು, ಆದ್ರೆ ಯಾರೂ ಹೆದರಲ್ಲ. ಇವನು ಆ ಬಡಗಿ ಅಲ್ವಾ, ಮರಿಯಳ ಮಗ ಅಲ್ವಾ, ಇವನ ತಂಗೀರು ಇಲ್ಲೇ ಇದಾರಲ್ವಾ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಇಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಭಯ ಒಂದು ಚೂರೂ ಇಲ್ಲದ ಊರಲ್ಲೇ ನಂಬಿಕೇನೂ ಇರ್ಲಿಲ್ಲ, ಕೆಲವು ರೋಗಿಗಳ ಮೇಲೆ ಕೈಯಿಟ್ಟು ಗುಣ ಮಾಡಿದ್ದು ಬಿಟ್ರೆ ಅಲ್ಲಿ ಅವನಿಂದ ದೊಡ್ಡ ಕೆಲಸ ಏನೂ ಆಗ್ಲಿಲ್ಲ ಅಂತ ಮಾರ್ಕ ಮುಲಾಜಿಲ್ದೆ ಬರೀತಾನೆ. ಅವರ ಅಪನಂಬಿಕೆ ನೋಡಿ ಆಶ್ಚರ್ಯ ಪಡೋ ಸರದಿ ಈಗ ಯೇಸುವಿನದು. ಚರ್ಚಲ್ಲೇ ಹುಟ್ಟಿ ಬೆಳೆದ ನಮ್ಮಂಥೋರಿಗೆ ಈ ಆರು ವಚನ ಬಿರುಗಾಳಿಗಿಂತ ಜೋರಾಗಿ ತಾಗತ್ತೆ.

ಇಷ್ಟಕ್ಕೆ ಒಂದೂವರೆ ಗಂಟೆ ಬೇಕು, ಕಾಫಿ ನಜರೇತಿಗೆ ಮುಂಚೆ ಕೊಡಿ.

ಮುಂದಿನ ವಾರಕ್ಕೆ ಏನು ಅಂತ ಕೇಳಿದ್ರೆ 16:8 ಒಂದೇ ವಚನ ಹೋಮ್‌ವರ್ಕ್ ಕೊಡಿ. ನಾಲ್ಕನೇ ಶತಮಾನದ ಎರಡು ಹಳೇ ಬೈಬಲ್ ಕೈಬರಹದ ಪ್ರತಿಗಳು, ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್, ಎರಡರಲ್ಲೂ ಮಾರ್ಕನ ಸುವಾರ್ತೆ ಅಲ್ಲಿಗೇ ನಿಲ್ಲತ್ತೆ. ಯೇಸು ಎದ್ದಿದಾನೆ, ನಿಮಗಿಂತ ಮುಂದೆ ಗಲಿಲಾಯಕ್ಕೆ ಹೋಗ್ತಾನೆ, ಅಲ್ಲಿ ಅವನನ್ನ ನೋಡ್ತೀರಿ ಅಂತ ಶಿಷ್ಯರಿಗೆ ಹೋಗಿ ತಿಳಿಸಿ ಅಂತ ಹೇಳಿಸ್ಕೊಂಡ ಹೆಂಗಸರು ನಡುಗ್ತಾ ಅವನ ಸಮಾಧಿಯಿಂದ ಓಡಿಹೋದ್ರು, ಯಾರಿಗೂ ಏನೂ ಹೇಳ್ಲಿಲ್ಲ, ಯಾಕಂದ್ರೆ ಹೆದರಿದ್ರು. ಕೆಂಪು ಗೆರೆ ಸುಲಭ. ಬಾಣ ಯಾವ ಕಡೆಗೆ? ನನ್ನ ಜೆರಾಕ್ಸ್‌ನಲ್ಲಿ ಎರಡು ಸಲ ಹಾಕಿ ಎರಡು ಸಲ ಅಳಿಸಿದೀನಿ, ಆ ಜಾಗದಲ್ಲಿ ಪೇಪರ್ ತೆಳ್ಳಗಾಗಿದೆ.