ಡ್ರಮ್ ಇಲ್ಲದೆಯೇ ತಾಳ: ಸ್ಲ್ಯಾಪ್ ಬೇಸ್ ನುಡಿಸುವುದು ಹೇಗೆ?

1954ರ ಜುಲೈನಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೊದಲ್ಲಿ ಎಲ್ವಿಸ್ ಪ್ರೀಸ್ಲಿ ಸನ್ ಎಂಬ ಕಂಪನಿಗೆ ತನ್ನ ಮೊದಲ ರೆಕಾರ್ಡ್ ಹಾಡಿದಾಗ ಅಲ್ಲಿ ಡ್ರಮ್ಮರ್ ಇರಲಿಲ್ಲ. ಇದ್ದದ್ದು ಎಲ್ವಿಸ್, ಗಿಟಾರ್ ಹಿಡಿದ ಸ್ಕಾಟಿ ಮೂರ್, ಆಳೆತ್ತರದ ಪಿಟೀಲಿನಂತಿರುವ ಅಪ್‌ರೈಟ್ ಬೇಸ್‌ಗೆ ಆತುಕೊಂಡು ನಿಂತ ಬಿಲ್ ಬ್ಲ್ಯಾಕ್, ಇಷ್ಟೇ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ದಪ್ಪ ಸ್ವರದ ಬೆನ್ನಿಗೇ 'ಟಕ್' ಎಂಬ ಸದ್ದು ಬರುತ್ತದೆ. ಅದೇ ಸ್ಲ್ಯಾಪ್. ನ್ಯೂ ಆರ್ಲಿಯನ್ಸ್‌ನ ಪಾಪ್ಸ್ ಫಾಸ್ಟರ್ ಅವರಂಥ ಜಾಸ್ ವಾದಕರು ಬಿಲ್‌ಗಿಂತ ಮುಂಚೆಯೇ ಹೀಗೆ ನುಡಿಸುತ್ತಿದ್ದರು.

ಮೊದಲು ತಂತಿ ನೋಡಿ. ಸ್ಟೀಲ್ ತಂತಿ ಬಿಗಿ, ಬೆರಳನ್ನು ಬೇಗ ಕೊಯ್ಯುತ್ತದೆ. ಪ್ರಾಣಿಯ ಕರುಳಿನಿಂದ ಮಾಡಿದ ತಂತಿಯೇ ಸ್ಲ್ಯಾಪ್‌ಗೆ ಒಪ್ಪುವುದು. ಅದು ದುಬಾರಿ ಎನಿಸಿದರೆ ನೈಲಾನ್ ಸಾಕು. ತೋರುಬೆರಳು, ನಡುಬೆರಳಿಗೆ ಬಟ್ಟೆಯ ಟೇಪ್ ಸುತ್ತಿಕೊಳ್ಳಿ. ಮೊದಲ ವಾರ ದಿನಕ್ಕೆ ಹತ್ತು ನಿಮಿಷ ದಾಟಬೇಡಿ, ಬೊಕ್ಕೆ ಎದ್ದರೆ ಕೈ ಹಲವು ದಿನ ಸುಮ್ಮನಿರಬೇಕಾಗುತ್ತದೆ.

ಈಗ ಬಲಗೈ. ತಂತಿಗಳ ಅಡಿಯಲ್ಲಿರುವ ಉದ್ದನೆಯ ಮರದ ಪಟ್ಟಿಯ, ಅಂದರೆ ಫಿಂಗರ್‌ಬೋರ್ಡ್‌ನ, ಕೆಳತುದಿಯ ಹತ್ತಿರ ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ, ತಂತಿಯ ಹಿಂದೆ ತೂರಿಸಿ, ಮರದಿಂದ ದೂರಕ್ಕೆ ಎಳೆದು ಬಿಡಿ. ತಂತಿ ಮರಳಿ ಬಂದು ಮರಕ್ಕೆ ಬಡಿಯಬೇಕು. ಸ್ವರವೂ ಸದ್ದೂ ಒಟ್ಟಿಗೇ ಕೇಳಿದರೆ ಸರಿಯಾಯಿತು. ಆಮೇಲೆ ಅದೇ ಕೈಯನ್ನು ಬಿಡಿಸಿ, ಅಂಗೈಯಿಂದ ತಂತಿಗಳನ್ನು ಫಿಂಗರ್‌ಬೋರ್ಡಿಗೆ ತಟ್ಟಿ. ಇಲ್ಲಿ ಸ್ವರ ಬೇಡ, ಬರೀ ಏಟು. ಆ ಹೊತ್ತಿಗೆ ಎಡಗೈ ತಂತಿಗಳ ಮೇಲೆ ಹಗುರವಾಗಿ ಕೂತಿದ್ದರೆ ಹಿಂದಿನ ಸ್ವರ ಗುಂಯ್‌ಗುಡುವುದಿಲ್ಲ. ಜೋರಾಗಿ ಹೊಡೆಯಬೇಕೆಂದು ಹೊಸಬರು ಭುಜ ಬಿಗಿಯುತ್ತಾರೆ; ಬೇಕಾದದ್ದು ಸಡಿಲ ಮಣಿಕಟ್ಟು.

ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ 1 ಮತ್ತು 3ಕ್ಕೆ ಎಳೆಯಿರಿ, 2 ಮತ್ತು 4ಕ್ಕೆ ತಟ್ಟಿ. ಬೇಸ್‌ನ ತಂತಿಗಳು ಇ, ಎ, ಡಿ, ಜಿ. ಎ ಶ್ರುತಿಯ ಹಾಡಾದರೆ 1ಕ್ಕೆ ಎ ತಂತಿ, 3ಕ್ಕೆ ಇ ತಂತಿ. ಹಾಡಿನಲ್ಲಿ ಡಿ ಕಾರ್ಡ್ (ಡಿ ಆಧಾರದ ಸ್ವರಗುಚ್ಛ) ಬಂದಾಗ 1ಕ್ಕೆ ಡಿ, 3ಕ್ಕೆ ಎ. ಎಲ್ಲವೂ ಎಡಗೈಯಿಂದ ಒತ್ತಬೇಕಿಲ್ಲದ ತೆರೆದ ತಂತಿಗಳೇ, ಹಾಗಾಗಿ ಮನಸ್ಸೆಲ್ಲ ಬಲಗೈ ಮೇಲೆ ಇಡಬಹುದು.

ಇದು ಕೈಗೆ ಕೂತ ಮೇಲೆ ಕುದುರೆ ಓಟದಂಥ ಮೂರು ಸದ್ದಿನ ನಡೆ. ನಮ್ಮ ಕರ್ನಾಟಕ ಸಂಗೀತದ ತಿಸ್ರ, ಅಂದರೆ ಮೂರರ ನಡೆ, ಗೊತ್ತಿದ್ದವರಿಗೆ ಇದು ಸುಲಭ: 'ತಕಿಟ' ಎಂದು ಬಾಯಲ್ಲಿ ಹೇಳಿಕೊಳ್ಳುತ್ತ, 'ತ'ಕ್ಕೆ ಎಳೆತ, 'ಕಿ'ಗೆ ಅಂಗೈ ಏಟು, 'ಟ'ಕ್ಕೆ ಬೆರಳ ತುದಿಯ ಏಟು. ನಿಧಾನವಾಗಿಯೇ ಶುರು ಮಾಡಿ. ಮೂರೂ ಸದ್ದು ಸಮ ಅಂತರದಲ್ಲಿ ಬೀಳುವವರೆಗೆ ವೇಗ ಏರಿಸಬೇಡಿ.

ಕೊನೆಗೆ, ಮೊದಲು ಕಲಿತ ಪಾಠಕ್ಕೇ ಮರಳಿ, ಸಮ ಅಂತರದಲ್ಲಿ ಟಿಕ್ ಎನ್ನುವ ಮೆಟ್ರೊನೋಮ್ ಅನ್ನು 2 ಮತ್ತು 4ಕ್ಕೆ ಮಾತ್ರ ಬಡಿಯುವಂತೆ ಇಟ್ಟು ನುಡಿಸಿ. ನಿಮ್ಮ ಏಟಿನಡಿ ಅದರ ಟಿಕ್ ಮುಚ್ಚಿಹೋಗಿ ಕಿವಿಗೆ ಬೀಳದಿದ್ದರೆ, ಕೈ ತಾಳಕ್ಕೆ ಸರಿಯಾಗಿ ಕೂತಿದೆ.